ಮೋಟು ಬೆರಳೇ ಸಾಕು ಎನ್ನುವವರಿಗೆ

ಮೆಕ್ಕೆಜೋಳ, ಶೇಂಗಾ ರಾಶಿಯ ದಿನಗಳಲ್ಲಿ ಕೊಟ್ಟೂರು ಸೀಮೆಯ ಹೊಲಗಳಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ರಾಶಿ ಮಿಷನ್ನು ಹಗಲೂ ರಾತ್ರಿ ಓಡುತ್ತದೆ. ಅದರ ಬಾಯಿಗೆ ತೆನೆ ಒತ್ತುವ ಕೈ, ಜಾರಿದ ಬೆಲ್ಟನ್ನು ಮತ್ತೆ ಏರಿಸುವ ಕೈ, ಹಿತ್ತಲಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟು ತೂರುವ ಕೈ, ಟ್ರೇಲರಿನ ಕೊಂಡಿ ಸಿಕ್ಕಿಸುವ ಕೈ, ಜಾತ್ರೆಯಲ್ಲಿ ಕಬ್ಬಿನ ಹಾಲಿನ ಗಾಣಕ್ಕೆ ಜಲ್ಲೆ ಕೊಡುವ ಕೈ, ಇವೆಲ್ಲಕ್ಕೂ ಕಾದಿರುವ ಅಪಾಯ ಒಂದೇ ಬಗೆಯದು. ಮೊದಲು ಹೋಗುವುದು ಬೆರಳ ತುದಿ. ಹಾಗೆ ಹೋದ ಮೇಲೆ ಊರು ಹೇಳುವ ಸಮಾಧಾನವೂ ಒಂದೇ: ಕೈ ಉಳಿಯಿತಲ್ಲ, ತುದಿ ತಾನೇ. ದವಾಖಾನೆಯಲ್ಲಿ ಉಳಿದ ಮೂಳೆಯನ್ನು ತುಸು ಕಡಿದು, ಚರ್ಮವನ್ನು ಮೇಲೆಳೆದು ಹೊಲಿದು ಕಳಿಸುತ್ತಾರೆ. ಮಾಲೀಕ ಔಷಧಿಯ ಖರ್ಚು ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಕಾಲಿನ ಬೆರಳಿನ ಮೆತ್ತೆಯನ್ನು ತಂದು ಕೈಬೆರಳಿಗೆ ಕೂಡಿಸಿ ತುದಿಯನ್ನು ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆಯೊಂದಿದೆ ಎಂದು ಯಾರಾದರೂ ಅಪ್ಪಿತಪ್ಪಿ ಎತ್ತಿದರೆ, ಅದು ಸಿನಿಮಾದವರಿಗೆ, ಸಾಫ್ಟ್‌ವೇರಿನವರಿಗೆ, ಚೆಂದ ಕಾಣಬೇಕೆಂಬ ಹಂಬಲದವರಿಗೆ, ದುಡಿಯುವ ಕೈಗೆ ಮೋಟು ಬೆರಳೇ ಸಾಕು ಎಂಬ ಉತ್ತರ ಸಿದ್ಧವಾಗಿರುತ್ತದೆ. ಓದಿದವರಲ್ಲಿಯೂ, ವೈದ್ಯರಲ್ಲಿಯೂ ಬೇರೂರಿರುವ ಈ ಅಭಿಪ್ರಾಯ ತಲೆಕೆಳಗಾದದ್ದು ಎಂಬುದೇ ಈ ಲೇಖನದ ವಾದ. ಕೈಯನ್ನು ನಂಬಿ ಬದುಕುವವರಿಗೇ ಈ ಚಿಕಿತ್ಸೆಯ ಅಗತ್ಯ ಹೆಚ್ಚು. ಕೀಲಿಮಣೆ ಒತ್ತುವವನು ಒಂಬತ್ತು ಬೆರಳಿನಲ್ಲಿ ಸಂಬಳ ಎಣಿಸಬಲ್ಲ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವವಳಿಗೆ ಆ ಸೌಲಭ್ಯವಿಲ್ಲ.

ಸಣ್ಣದೆಂದು ತಳ್ಳಿಹಾಕುವ ಈ ತುದಿಯಲ್ಲಿ ಇರುವುದೇನು? ಉಗುರಿನ ಎದುರು ಬದಿಯ ಮೆತ್ತೆ ಬರಿ ಕೊಬ್ಬಿನ ಗಡ್ಡೆಯಲ್ಲ. ಅದರೊಳಗೆ ನೂರಾರು ನಾರೆಳೆಗಳು ಚರ್ಮವನ್ನು ಕೆಳಗಿನ ಮೂಳೆಗೆ ಬಿಗಿದಿರುತ್ತವೆ. ಹಿಡಿದ ವಸ್ತುವಿನ ಮೇಲೆ ಚರ್ಮ ಜಾರದೆ ನಿಲ್ಲುವುದು ಅದರಿಂದಲೇ. ಹಿಂಬದಿಯ ಉಗುರು ಆ ಮೆತ್ತೆಗೆ ಆನಿಕೆ ಕೊಡುತ್ತದೆ, ಚಿವುಟಲು, ಹೆಕ್ಕಲು, ಗಂಟು ಬಿಚ್ಚಲು ಅಂಚು ಕೊಡುತ್ತದೆ. ಒಂದು ಅಂಗೈ ಮತ್ತು ಅದರ ಬೆರಳುಗಳ ಒಳಚರ್ಮದಲ್ಲಿ ಮುಟ್ಟನ್ನು ಗ್ರಹಿಸುವ ನರತುದಿಗಳು ಸುಮಾರು 17,000 ಎಂದು ಸ್ವೀಡನ್ನಿನ ಸಂಶೋಧಕರು 1970ರ ದಶಕದಲ್ಲಿಯೇ ಲೆಕ್ಕ ಹಾಕಿದ್ದಾರೆ. ಅವು ಅತ್ಯಂತ ದಟ್ಟವಾಗಿರುವುದು ಬೆರಳ ತುದಿಯಲ್ಲಿ. ಆರು ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ ಎರಡು ಮೊನೆ ತಾಗಿಸಿದರೂ ಅವು ಒಂದಲ್ಲ ಎರಡು ಎಂದು ಕಣ್ಣುಮುಚ್ಚಿ ಹೇಳಬಲ್ಲ ಚರ್ಮವದು. ಬೆನ್ನಿನ ಚರ್ಮಕ್ಕೆ ಅದೇ ಪರೀಕ್ಷೆ ಮಾಡಿದರೆ ಮೊನೆಗಳನ್ನು ಹಲವು ಪಟ್ಟು ದೂರ ಇಡಬೇಕಾಗುತ್ತದೆ. ಮಿದುಳು ಕೂಡ ವಿಶಾಲವಾದ ಬೆನ್ನಿಗಿಂತ ಈ ಪುಟ್ಟ ತುದಿಗಳಿಗೇ ಹೆಚ್ಚು ಜಾಗ ಮೀಸಲಿಟ್ಟಿದೆ. ಈ ಸೀಮೆಯ ದುಡಿಮೆಯನ್ನು ಒಮ್ಮೆ ನೆನೆಯಿರಿ. ಹಡಗಲಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ನಲುಗದಂತೆ ಮಲ್ಲಿಗೆ ಬಿಡಿಸಬೇಕು, ಆಮೇಲೆ ಕಣ್ಣು ಬೇರೆಲ್ಲೋ ಇದ್ದರೂ ಬೆರಳೇ ನೋಡಿಕೊಂಡು ಮಾಲೆ ಕಟ್ಟಬೇಕು. ಹತ್ತಿ ಬಿಡಿಸುವುದು, ಶೇಂಗಾ ಸುಲಿಯುವುದು, ತಾಂಡಾದ ಹೆಂಗಸರು ಕನ್ನಡಿ ಕೂಡಿಸಿ ಹಾಕುವ ಕಸೂತಿ, ಕಂಬಳಿಯ ಎಳೆ ಹರಿದಾಗ ಹೊಸೆದು ಕೂಡಿಸುವುದು ಎಲ್ಲವೂ ತುದಿಬೆರಳಿನ ಕೆಲಸ. ಕೂರಿಗೆಯ ಸಾಲಿನಲ್ಲಿ ಕಾಳು ಒತ್ತೂ ಆಗದೆ ತೆಳ್ಳಗೂ ಆಗದೆ ಬೀಳುವುದು ಬಿತ್ತುವವಳ ಬೆರಳ ತುದಿಗೆ ಎಷ್ಟು ಕಾಳು ಹೋಯಿತೆಂದು ಗೊತ್ತಾಗುವುದರಿಂದ. ಇವುಗಳಲ್ಲಿ ಯಾವುದೂ ತೋಳಿನ ಬಲದಿಂದ ಆಗುವ ಕೆಲಸವಲ್ಲ.

ಮೋಟು ಬೆರಳಿನ ಪರ ವಕಾಲತ್ತು ವಹಿಸುವವರು ಅದು ಬೇಗ ಮಾಯುತ್ತದೆ ಎನ್ನುತ್ತಾರೆ. ಹೌದು, ಹೊಲಿಗೆ ಎರಡು ಮೂರು ವಾರದಲ್ಲಿ ಮಾಯುತ್ತದೆ. ಆದರೆ ಗಾಯ ಮಾಯುವುದೂ ಕೈ ಕೆಲಸಕ್ಕೆ ಬರುವುದೂ ಒಂದೇ ಅಲ್ಲ. ಮೂಳೆಯ ಮೇಲೆ ಬಿಗಿಯಾಗಿ ಎಳೆದು ಹೊಲಿದ ತೆಳು ಚರ್ಮ ಸನಿಕೆಯ ಹಿಡಿ ಹಿಡಿದಾಗ ಬಿರಿಯುತ್ತದೆ. ಕತ್ತರಿಸಿದ ನರದ ಕೊನೆ ಗಂಟು ಕಟ್ಟಿಕೊಂಡರೆ ಸುಮ್ಮನೆ ತಾಗಿದರೂ ಕರೆಂಟು ಹೊಡೆದಂತಾಗುತ್ತದೆ. ಉಗುರಿನ ಬುಡ ಉಳಿದು ಅದರ ಕೆಳಗಿನ ಮೂಳೆ ಹೋದರೆ ಉಗುರು ಕೊಕ್ಕೆಯಂತೆ ಒಳಕ್ಕೆ ಬಾಗಿ ಬೆಳೆಯುತ್ತದೆ, ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಿನದು, ಮುಟ್ಟು ಗೊತ್ತಾಗದ ಅಥವಾ ಮುಟ್ಟಿದರೆ ನೋಯುವ ಬೆರಳನ್ನು ಮಿದುಳು ಕ್ರಮೇಣ ಲೆಕ್ಕದಿಂದಲೇ ಬಿಡುತ್ತದೆ. ತೋರುಬೆರಳನ್ನು ಎತ್ತಿ ಹಿಡಿದು, ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಎಲ್ಲವನ್ನೂ ಮಾಡುವವರನ್ನು ಗಮನಿಸಿದರೆ ಇದು ತಿಳಿಯುತ್ತದೆ. ಅಲ್ಲಿ ಹೋದದ್ದು ಒಂದು ಸೆಂಟಿಮೀಟರು, ಕೈಬಿಟ್ಟದ್ದು ಇಡೀ ಬೆರಳು. ಸ್ಪರ್ಶವಿಲ್ಲದ ಕೈ ಕುರುಡು ಕೈ ಎಂಬುದನ್ನು ಕೈ ಶಸ್ತ್ರಚಿಕಿತ್ಸೆಯ ಮೊದಲ ಪಾಠವಾಗಿಸಿದವನು ಸ್ವೀಡನ್ನಿನ ಎರಿಕ್ ಮೊಬರ್ಗ್. ನಮ್ಮಲ್ಲಿ ಅದನ್ನು ಇನ್ನೂ ಕಟುವಾಗಿ ತೋರಿಸಿಕೊಟ್ಟದ್ದು ಕುಷ್ಠರೋಗ. ಸ್ನಾಯುಬಲವಿದ್ದೂ ಮುಟ್ಟು ಸತ್ತ ಕೈಗಳು ಬಿಸಿ ಪಾತ್ರೆ ಹಿಡಿದು, ಚೂಪಾದುದನ್ನು ಒತ್ತಿ, ತಮ್ಮನ್ನು ತಾವೇ ಸವೆಸಿಕೊಂಡವು.

ಇನ್ನು ಕಾಲಿನಿಂದ ಕೈಗೆ ತರುವುದೆಂದರೆ ಏನು ಎಂಬುದು. ಇದರ ಹೆಸರು ಕೇಳಿದ ಕೂಡಲೇ ಬಹುಪಾಲು ಜನ ಕಾಲಿನ ಇಡೀ ಬೆರಳನ್ನು ಕಡಿದು ಕೈಗೆ ನೆಡುತ್ತಾರೆಂದು ತಿಳಿಯುತ್ತಾರೆ. ಕೈಯ ಹೆಬ್ಬೆರಳು ಬುಡದಿಂದಲೇ ಹೋದಾಗ ಹಾಗೆ ಮಾಡುವುದುಂಟು. ತುದಿಯ ಗಾಯಕ್ಕೆ ಬೇಕಾದದ್ದು ಅಷ್ಟಲ್ಲ. ಕಾಲಿನ ಹೆಬ್ಬೆರಳಿನಲ್ಲಿ ಎರಡನೆಯ ಬೆರಳಿನ ಕಡೆಗಿರುವ ಬದಿಯ ಮೆತ್ತೆಯನ್ನು ಅದರ ರಕ್ತನಾಳ ಮತ್ತು ನರದ ಸಮೇತ ಬಿಡಿಸಿಕೊಂಡು, ಕೈಬೆರಳಿನ ಗಾಯದ ಮೇಲಿಟ್ಟು, ಸುಮಾರು ಒಂದು ಮಿಲಿಮೀಟರು ಅಗಲದ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ತಲೆಗೂದಲಿಗಿಂತ ಸಪೂರವಾದ ದಾರದಿಂದ ಹೊಲಿಯುತ್ತಾರೆ. ನರಕ್ಕೆ ನರ ಕೂಡಿಸುತ್ತಾರೆ. ಬೇಕಿದ್ದರೆ ಉಗುರಿನ ತಳವನ್ನೂ ಮೂಳೆಯ ಚೂರನ್ನೂ ಜೊತೆಗೆ ತರಬಹುದು. ಕಾಲೇ ಏಕೆಂದರೆ, ದೇಹದಲ್ಲಿ ಕೈಬೆರಳಿನ ತುದಿಯಂಥದೇ ರಚನೆ ಇರುವುದು ಅಲ್ಲಿ ಮಾತ್ರ: ರೋಮವಿಲ್ಲದ ಗಟ್ಟಿ ಚರ್ಮ, ಮೂಳೆಗೆ ಬಿಗಿದ ಮೆತ್ತೆ, ಗೆರೆಗಳು, ಉಗುರು. ತೊಡೆಯ ಸಂದಿನ ಅಥವಾ ಹೊಟ್ಟೆಯ ಚರ್ಮ ತಂದು ಮುಚ್ಚಿದರೆ ಗಾಯ ಮುಚ್ಚುತ್ತದೆ, ಆದರೆ ಬೆರಳ ತುದಿಯಲ್ಲಿ ಹೊಟ್ಟೆಯ ಚರ್ಮ ಹೊಟ್ಟೆಯ ಚರ್ಮವಾಗಿಯೇ ಇರುತ್ತದೆ. ಜೋಲುತ್ತದೆ, ಜಾರುತ್ತದೆ, ಕೆಲವೊಮ್ಮೆ ಕೂದಲೂ ಬೆಳೆಯುತ್ತದೆ. ಕಾಲ್ಬೆರಳಿನ ಮೆತ್ತೆಗೆ ಕೈಯ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆದು ಬರುತ್ತದೆ. ತಿಂಗಳುಗಳು ಕಳೆದ ಮೇಲೆ ಅಲ್ಲಿ ಹುಟ್ಟುವ ಮುಟ್ಟು, ಅದೇ ಚರ್ಮ ಕಾಲಿನಲ್ಲಿದ್ದಾಗ ಇದ್ದುದಕ್ಕಿಂತ ಚುರುಕಾಗಿರುತ್ತದೆಂದು ಹಲವು ವರದಿಗಳು ಹೇಳುತ್ತವೆ. ಕೈಯ ಪಾಲಿಗೆ ಮೀಸಲಾದ ಮಿದುಳಿನ ಭಾಗ ಅದನ್ನು ತನ್ನದಾಗಿಸಿಕೊಳ್ಳುವುದೇ ಇದಕ್ಕೆ ಕಾರಣವೆನ್ನುತ್ತಾರೆ. 19ನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾದ ಕಾರ್ಲ್ ನಿಕೊಲಾಡೋನಿ ರೋಗಿಯ ಕೈಯನ್ನೇ ಕಾಲಿಗೆ ವಾರಗಟ್ಟಲೆ ಕಟ್ಟಿಟ್ಟು ಹೆಬ್ಬೆರಳು ಕೂಡಿಸಿದ್ದ. 1966ರಲ್ಲಿ ಶಾಂಘೈಯ ಯಾಂಗ್ ಡೊಂಗ್ಯುವೆ ಸೂಕ್ಷ್ಮ ಹೊಲಿಗೆಯಿಂದ ಕಾಲಿನ ಎರಡನೆಯ ಬೆರಳನ್ನು ಒಂದೇ ಸಲಕ್ಕೆ ಕೈಗೆ ತಂದ. ತುದಿಬೆರಳಿಗಾಗಿ ನರಸಮೇತ ಮೆತ್ತೆ ತರುವ ವಿಧಾನವನ್ನು ಅಮೆರಿಕದ ಹ್ಯಾರಿ ಬಂಕಿ ಮತ್ತು ರೋಸ್ 1979ರಲ್ಲಿ ವಿವರಿಸಿದರು. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಯೋಗವಲ್ಲ, ನಾಲ್ಕು ದಶಕ ದಾಟಿದ ವಿದ್ಯೆ.

ಇದನ್ನು ಸಿರಿವಂತರ ಷೋಕಿ ಎನ್ನುವವರು ಈ ವಿದ್ಯೆ ಯಾರ ಮೇಲೆ ಬೆಳೆಯಿತು ಎಂಬುದನ್ನು ನೋಡಿಲ್ಲ. 1963ರಲ್ಲಿ ಶಾಂಘೈಯ ಚೆನ್ ಝೊಂಗ್‌ವೈ ಪೂರ್ತಿ ಕತ್ತರಿಸಿಹೋದ ಕೈಯೊಂದನ್ನು ಮತ್ತೆ ಕೂಡಿಸಿ ಜಗತ್ತನ್ನು ಬೆರಗುಗೊಳಿಸಿದಾಗ, ಆ ಕೈ ಒಬ್ಬ ಕಾರ್ಖಾನೆ ಕಾರ್ಮಿಕನದು. ಭಾರತದಲ್ಲಿ ಕೈ ಶಸ್ತ್ರಚಿಕಿತ್ಸೆ ಗಟ್ಟಿಯಾಗಿ ನೆಲೆಯೂರಿದ್ದು ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಮಡಿಚಿಹೋದ ಬೆರಳುಗಳನ್ನು ಬಿಡಿಸಲು ಕೈಹಾಕಿದಾಗ. ಊರಿನಿಂದಲೇ ಹೊರಹಾಕಲ್ಪಟ್ಟವರವರು, ಜೇಬಿನಲ್ಲಿ ಕಾಸಿಲ್ಲದವರು. ಇಂದು ಕೈ ಮರುಜೋಡಣೆಗೆ ದೇಶದಲ್ಲಿ ಹೆಸರಾದ ಕೊಯಮತ್ತೂರಿನ ಗಂಗಾ ಆಸ್ಪತ್ರೆ ಇರುವುದು ಗಿರಣಿ ಮತ್ತು ಎರಕದ ಕಾರ್ಖಾನೆಗಳ ಊರಿನಲ್ಲಿ. ಇನ್ನೂ ಹಿಂದಕ್ಕೆ ಹೋಗುವುದಾದರೆ, 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಯುರೋಪಿನ ವೈದ್ಯರ ಕಣ್ಣು ತೆರೆಸಿದ ಮೂಗಿನ ಮರುನಿರ್ಮಾಣ ನಡೆದದ್ದು ಕವಾಸ್‌ಜಿ ಎಂಬುವನ ಮೇಲೆ. ಟಿಪ್ಪುವಿನ ಎದುರಿನ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದು, ಸೆರೆಸಿಕ್ಕು ಮೂಗು ಕಳೆದುಕೊಂಡವನು ಅವನು. ಎತ್ತು ಹೊಡೆಯುವವನಿಗೆ ಮೂಗು ಯಾಕೆ ಎಂದು ಆ ಮೂಗನ್ನು ಕಟ್ಟಿದ ಅಂದಿನ ಪುಣೆಯ ವೈದ್ಯ ಕೇಳಲಿಲ್ಲ. ಚಂದಕ್ಕೆಂದು ಮಾಡುವ ಶಸ್ತ್ರಚಿಕಿತ್ಸೆ ಬೇರೆ, ಮುರಿದದ್ದನ್ನು ಕಟ್ಟುವ ಶಸ್ತ್ರಚಿಕಿತ್ಸೆ ಬೇರೆ. ಎರಡನ್ನೂ ಪ್ಲಾಸ್ಟಿಕ್ ಸರ್ಜರಿ ಎಂಬ ಒಂದೇ ಫಲಕದ ಕೆಳಗೆ ನೋಡಿದ ಮಾತ್ರಕ್ಕೆ ಒಂದರ ಅಪವಾದವನ್ನು ಇನ್ನೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ಹಾಗೆ ನೋಡಿದರೆ ಬೆರಳು ಚೆಂದ ಕಾಣಲಿ ಎಂದು ಕೂಲಿಯವಳು ಬಯಸಿದರೂ ಅದರಲ್ಲಿ ತಪ್ಪೇನಿಲ್ಲ. ಮದುವೆಗೆ ಬಂದ ಹುಡುಗಿಯ ಮೋಟು ಬೆರಳನ್ನು ಗಂಡಿನ ಕಡೆಯವರು ಹೇಗೆ ನೋಡುತ್ತಾರೆಂಬುದು ಗೊತ್ತಿದ್ದೂ ಅದನ್ನು ಷೋಕಿ ಎನ್ನಲು ಗಟ್ಟಿ ಮನಸ್ಸು ಬೇಕು.

ಹಾಗೆಂದು ಬೆರಳು ಜಜ್ಜಿದವರೆಲ್ಲ ಕಾಲು ಕೊಯ್ಯಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಮೂಳೆ ಕಾಣದಂತೆ ತುದಿಯ ಚರ್ಮವಷ್ಟೇ ಹೋಗಿದ್ದರೆ, ತೇವ ಆರದಂತೆ ಪಟ್ಟಿ ಕಟ್ಟಿ ವಾರಗಟ್ಟಲೆ ಕಾಯುವುದೇ ಬಹಳಷ್ಟು ಸಲ ಒಳ್ಳೆಯ ಚಿಕಿತ್ಸೆ. ಬೆರಳ ತುದಿಗೆ ತನ್ನನ್ನು ತಾನೇ ತುಂಬಿಕೊಳ್ಳುವ ಶಕ್ತಿ, ವಿಶೇಷವಾಗಿ ಮಕ್ಕಳಲ್ಲಿ, ಅಚ್ಚರಿ ಹುಟ್ಟಿಸುವಷ್ಟಿದೆ. ಅದಕ್ಕಿಂತ ತುಸು ಹೆಚ್ಚು ಹೋದಾಗ ಅದೇ ಬೆರಳಿನ ಚರ್ಮವನ್ನು ಮುಂದಕ್ಕೆ ಸರಿಸಿ ಮುಚ್ಚಬಹುದು, ಪಕ್ಕದ ಬೆರಳಿನಿಂದ ಚರ್ಮ ತರಬಹುದು. ಇವು ಜಿಲ್ಲಾ ಮಟ್ಟದ ಸರ್ಜನ್ ಮಾಡಬಲ್ಲ ಕೆಲಸಗಳು. ಕಾಲಿನ ಮೆತ್ತೆಯ ಪ್ರಶ್ನೆ ಬರುವುದು ಮೆತ್ತೆಯ ಬಹುಪಾಲು ಹೋದಾಗ, ಅದರಲ್ಲಿಯೂ ಹೆಬ್ಬೆರಳು ಮತ್ತು ತೋರುಬೆರಳಿನದು ಹೋದಾಗ, ಅಥವಾ ಒಂದೇ ಕೈಯ ಹಲವು ತುದಿಗಳು ಹೋಗಿ ಪಕ್ಕದ ಬೆರಳಿನಿಂದ ಸಾಲ ತರಲು ಪಕ್ಕದ ಬೆರಳೇ ಇಲ್ಲದಾಗ. ಈ ಚಿಕಿತ್ಸೆಯ ಪರವಾಗಿರುವ ಸಾಕ್ಷ್ಯದ ಮಿತಿಯನ್ನೂ ಒಪ್ಪಬೇಕು. ಪ್ರಕಟವಾದ ಫಲಿತಾಂಶಗಳು ಬಹುತೇಕ ಪಳಗಿದ ಕೇಂದ್ರಗಳವು, ತಮ್ಮದೇ ರೋಗಿಗಳ ಸರಣಿಗಳು. ಒಂದು ವಿಧಾನವನ್ನು ಇನ್ನೊಂದರೊಡನೆ ತಕ್ಕಡಿಯಲ್ಲಿಟ್ಟು ತೂಗಿದ ಅಧ್ಯಯನಗಳು ವಿರಳ. ಚಳಿಗೆ ಬೆರಳು ಸೆಳೆಯುವ ತೊಂದರೆ ಕಾಲಿನ ಮೆತ್ತೆ ತಂದವರಲ್ಲಿಯೂ ಉಳಿಯುತ್ತದೆ. ಆದರೆ ನಮ್ಮಲ್ಲಿ ಮೋಟು ಬೆರಳಿನ ಪರವಾಗಿ ಇಷ್ಟು ಸಾಕ್ಷ್ಯವಾದರೂ ಎಲ್ಲಿದೆ? ಹೊಲಿಗೆ ಬಿಚ್ಚಿದ ದಿನ ಆಸ್ಪತ್ರೆಯ ಕಡತ ಮುಚ್ಚುತ್ತದೆ. ಆರು ತಿಂಗಳ ಮೇಲೆ ಆ ಬೆರಳು ಸೂಜಿ ಹಿಡಿಯಿತೇ ಎಂದು ಕೇಳಿ ಬರೆದಿಟ್ಟವರಿಲ್ಲ. ಯಾರೂ ದೂರದೆ ಇರುವುದನ್ನೇ ಎಲ್ಲರೂ ಸುಖವಾಗಿದ್ದಾರೆ ಎಂಬುದಕ್ಕೆ ರುಜುವಾತು ಮಾಡುವುದು ಸೋಮಾರಿ ತರ್ಕ.

ಮೊದಲ ಆಕ್ಷೇಪ ದೂರದ್ದು. ಈ ಸೀಮೆಯ ತಾಲ್ಲೂಕುಗಳಿಂದ ಸೂಕ್ಷ್ಮ ಶಸ್ತ್ರಚಿಕಿತ್ಸೆ ನಡೆಯುವ ಬೆಂಗಳೂರೋ ಮಣಿಪಾಲವೋ ರಾತ್ರಿಯಿಡೀ ಪ್ರಯಾಣದ ದಾರಿ. ಬೆರಳು ಹೋದ ಗಳಿಗೆಯಲ್ಲಿ ಅಲ್ಲಿಗೆ ಮುಟ್ಟುವವರು ಯಾರು ಎನ್ನುತ್ತಾರೆ. ಕತ್ತರಿಸಿಹೋದ ತುಂಡನ್ನೇ ಮತ್ತೆ ಕೂಡಿಸುವ ವಿಷಯದಲ್ಲಿ ಈ ಮಾತು ಸರಿ. ಅದು ಗಂಟೆಗಳ ಲೆಕ್ಕ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿ ಇಟ್ಟರೆ ಬೆರಳು ಸುಮಾರು ಒಂದು ದಿನ ಬಾಳಬಹುದು. ಐಸಿನ ಮೇಲೆ ನೇರವಾಗಿ ಇಟ್ಟರೆ ಕೆಡುತ್ತದೆ. ರಾಶಿ ಮಿಷನ್ನಿನಲ್ಲಿ ಜಜ್ಜಿಹೋದ ತುಂಡಂತೂ ಎಷ್ಟು ಬೇಗ ತಂದರೂ ಕೂಡಿಸಲು ಬರುವುದಿಲ್ಲ. ಆದರೆ ಕಾಲಿನಿಂದ ಕೈಗೆ ತರುವ ಚಿಕಿತ್ಸೆಗೆ ಈ ಓಟವೇ ಇಲ್ಲ. ತರಬೇಕಾದ ಭಾಗ ರೋಗಿಯ ಕಾಲಿನಲ್ಲಿ ಕ್ಷೇಮವಾಗಿದೆ. ವಾರ ಬಿಟ್ಟು ಮಾಡಬಹುದು, ತಿಂಗಳು ಬಿಟ್ಟು ಮಾಡಬಹುದು, ಸುಗ್ಗಿ ಮುಗಿಸಿಕೊಂಡು ವರ್ಷದ ಮೇಲೆ ಹೋದರೂ ಮಾಡಬಹುದು. ಹೊಸಪೇಟೆ–ಹರಿಹರ ರೈಲು ಹಳಿ ಕೊಟ್ಟೂರಿನ ಮೇಲೆಯೇ ಹಾದುಹೋಗುತ್ತದೆ, ಹೃದಯಕ್ಕೆ, ಕಿಡ್ನಿಗೆ, ಕ್ಯಾನ್ಸರಿಗೆ ಜನ ದಿನಾಲೂ ದೊಡ್ಡ ಊರುಗಳಿಗೆ ಹೋಗಿಬರುತ್ತಾರೆ. ಹೀಗಾಗಿ ದೂರದ ಹಳ್ಳಿಯವರಿಗೆ ತಕ್ಕ ಮರುನಿರ್ಮಾಣ ಯಾವುದೆಂದು ಕೇಳಿದರೆ ಅದು ಇದೇ. ದೂರ ಅಡ್ಡಿಯಾಗುವುದು ಬೇರೆ ರೀತಿಯಲ್ಲಿ. ಮೊದಲ ದಿನವೇ ಊರಿನಲ್ಲಿ ಮೂಳೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಕಡಿದು, ನರವನ್ನು ಎಳೆದು ಕತ್ತರಿಸಿ, ಗಾಯವನ್ನು ಅಚ್ಚುಕಟ್ಟಾಗಿ ಮುಚ್ಚಿಬಿಟ್ಟರೆ ಮುಂದಿನ ಸರ್ಜನ್ನಿಗೆ ಕಟ್ಟಲು ಅಡಿಪಾಯವೇ ಉಳಿಯುವುದಿಲ್ಲ.

ಎರಡನೆಯ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅದು ರೋಗಿಗಳ ಬಾಯಿಂದಲೇ ಬರುವಂಥದು: ಹೊಲದಲ್ಲಿ ಬರಿಗಾಲಲ್ಲಿ ನಡೆಯುವವನ ಕಾಲನ್ನು ಕೆಡಿಸಿ ಕೈ ರಿಪೇರಿ ಮಾಡುವುದು ಯಾವ ಲೆಕ್ಕ? ನಡೆಯುವಾಗ ನೆಲವನ್ನು ಒದ್ದು ಮುಂದಕ್ಕೆ ತಳ್ಳುವುದು ಕಾಲಿನ ಹೆಬ್ಬೆರಳು. ಅದನ್ನು ಇಡಿಯಾಗಿ ತೆಗೆಯುವುದು ನಿಜಕ್ಕೂ ಯೋಚಿಸಬೇಕಾದ ವಿಷಯ. ಆದರೆ ತುದಿಬೆರಳಿಗಾಗಿ ತೆಗೆಯುವುದು ಅದರ ಒಂದು ಬದಿಯ ಮೆತ್ತೆಯನ್ನು. ಮೂಳೆ, ಕೀಲು, ಉಗುರು, ನೆಲ ಒತ್ತುವ ಮುಖ್ಯ ಭಾಗ ಉಳಿಯುತ್ತವೆ. ಎರಡನೆಯ ಬೆರಳನ್ನು ಪೂರ್ತಿ ತೆಗೆದರೂ ನಡಿಗೆಯಲ್ಲಿ ಆಗುವ ವ್ಯತ್ಯಾಸ ಅಲ್ಪ. ಕಾಲಿನ ಗಾಯಕ್ಕೂ ವಾರಗಳು ಬೇಕು, ಕಲೆ ಉಳಿಯುತ್ತದೆ, ಕೆಲವರಿಗೆ ಅಲ್ಲಿ ಜೋಮು, ನೋವು ಉಳಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ರಕ್ತನಾಳ ಕೆಟ್ಟವರಿಗೆ ಈ ಚಿಕಿತ್ಸೆಯನ್ನು ಹೇಳುವ ವೈದ್ಯ ಇರಲಾರ. ಇದರ ಹಿಂದೆ ಇನ್ನೆರಡು ಹಿಂಜರಿಕೆಗಳಿವೆ, ಬಾಯಿಬಿಟ್ಟು ಹೇಳದಂಥವು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಾಡಿನಲ್ಲಿ ಕಾಲಿನ ಚರ್ಮವನ್ನು ಉಣ್ಣುವ ಕೈಗೆ, ಕೊಟ್ಟೂರೇಶ್ವರನಿಗೆ ಹೂವೇರಿಸುವ ಕೈಗೆ ತರುವುದು ಹೇಗೆ ಎಂಬುದೊಂದು. ಮುತ್ತೈದೆಯ ಕಾಲುಂಗುರದ ಬೆರಳನ್ನು ತೆಗೆಯುವುದು ಹೇಗೆ ಎಂಬುದು ಇನ್ನೊಂದು. ಇವನ್ನು ಮೂಢನಂಬಿಕೆ ಎಂದು ನಗುವ ವೈದ್ಯನಿಗೆ ರೋಗಿಯ ಒಪ್ಪಿಗೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಹೆಬ್ಬೆರಳಿನ ಮೆತ್ತೆ ತೆಗೆದರೆ ಕಾಲುಂಗುರದ ಬೆರಳು ಹಾಗೆಯೇ ಇರುತ್ತದೆ ಎಂದು ಸಮಾಧಾನವಾಗಿ ಕೂತು ವಿವರಿಸಿದರೆ ಅರ್ಧ ಹಿಂಜರಿಕೆ ಹೋಗುತ್ತದೆ. ಉಳಿದರ್ಧ ಹೋಗದಿದ್ದರೆ ಬೇಡ ಎನ್ನುವ ಹಕ್ಕು ಆಕೆಯದು. ನನ್ನ ತಕರಾರು ಬೇಡವೆಂದವರ ಮೇಲಲ್ಲ, ಅವರು ಬೇಡವೆನ್ನುತ್ತಾರೆಂದು ತಾವೇ ತೀರ್ಮಾನಿಸಿ ಕೇಳದೆಯೇ ಬಿಡುವವರ ಮೇಲೆ.

ದುಡ್ಡಿನ ಮಾತಿಗೆ ಬರೋಣ. ಬೆರಳ ತುದಿಗೆ ಈ ದೇಶ ಕಟ್ಟಿರುವ ಬೆಲೆ ಕಾನೂನಿನ ಪುಸ್ತಕದಲ್ಲಿಯೇ ಇದೆ. 1923ರಲ್ಲಿ ಬಂದು 2025ರವರೆಗೆ ಜಾರಿಯಲ್ಲಿದ್ದ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯ ಪ್ರಕಾರ ಮೂಳೆ ಹೋಗದೆ ತೋರುಬೆರಳಿನ ತುದಿ ಕತ್ತರಿಸಿಹೋದರೆ ದುಡಿಮೆಯ ಶಕ್ತಿಯಲ್ಲಿ ನಷ್ಟ ನೂರಕ್ಕೆ 5, ನಡುಬೆರಳಿಗೆ 4, ಉಂಗುರ ಬೆರಳು ಅಥವಾ ಕಿರುಬೆರಳಿಗೆ 2. ತೋರುಬೆರಳಿನ ಒಂದು ಗೆಣ್ಣು ಹೋದರೆ 9. ಕೈಯ ಹೆಬ್ಬೆರಳು ಪೂರ್ತಿ ಹೋದರೆ 30, ಅದರ ಕೊನೆಯ ಗೆಣ್ಣು ಮಾತ್ರ ಹೋದರೆ 20. ಅದೇ ಪಟ್ಟಿಯಲ್ಲಿ ಕಾಲಿನ ಹೆಬ್ಬೆರಳು ಬಿಟ್ಟು ಬೇರೆ ಯಾವುದಾದರೂ ಒಂದು ಬೆರಳು ಬುಡದಿಂದ ಹೋದರೆ ನಷ್ಟ ನೂರಕ್ಕೆ 3 ಮಾತ್ರ. ಕಾಲಿನ ಮೂರನ್ನು ಕೊಟ್ಟು ಕೈಯ ಇಪ್ಪತ್ತನ್ನೋ ಮೂವತ್ತನ್ನೋ ಬಹುಮಟ್ಟಿಗೆ ತುಂಬಿಕೊಳ್ಳುವುದು ಲಾಭವೋ ನಷ್ಟವೋ ಎಂಬುದನ್ನು ಸರ್ಕಾರದ ಅಂಕಿಗಳೇ ಹೇಳುತ್ತಿವೆ, ಸರ್ಜನ್ ಹೇಳಬೇಕಾಗಿಲ್ಲ. ಮೂವತ್ತು ವರ್ಷದ ಕೂಲಿಯವನ ತಿಂಗಳ ದುಡಿಮೆಯನ್ನು ಆ ಕಾಯ್ದೆಯಡಿ 2020ರಲ್ಲಿ ನಿಗದಿಯಾದ ಮಿತಿಯಂತೆ 15,000 ರೂಪಾಯಿ ಎಂದು ಹಿಡಿದರೆ, ಅದರ ನೂರಕ್ಕೆ 60 ಭಾಗವನ್ನು ವಯಸ್ಸಿನ ಗುಣಕ 207.98ರಿಂದ ಗುಣಿಸಿ, ತೋರುಬೆರಳಿನ ತುದಿಗೆ ಬರುತ್ತಿದ್ದ ಪರಿಹಾರ ಸುಮಾರು 93,600 ರೂಪಾಯಿ. ಉಂಗುರ ಬೆರಳಿಗೆ ಸುಮಾರು 37,400. ಒಮ್ಮೆ ಕೊಟ್ಟರೆ ಮುಗಿಯಿತು. ದರ್ಜಿಯ ಬೆರಳಿಗೂ ಕಾವಲುಗಾರನ ಬೆರಳಿಗೂ ಈ ಪಟ್ಟಿಯಲ್ಲಿ ಭೇದವಿಲ್ಲ, ಬಲಗೈ ಎಡಗೈ ಎಂಬುದೂ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮುಖ್ಯ ಸೌಲಭ್ಯಗಳಿಗೆ ನೂರಕ್ಕೆ 40ರ ಗಡಿ ಇರುವುದರಿಂದ ತುದಿ ಹೋದವನು ಅಲ್ಲಿಯೂ ಲೆಕ್ಕಕ್ಕಿಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ 1975ರಲ್ಲಿಯೇ ಸುಪ್ರೀಂ ಕೋರ್ಟು, ಬಡಗಿಯ ಕೆಲಸ ಒಂದೇ ಕೈಯಲ್ಲಿ ಆಗದಾದ್ದರಿಂದ ಅವನ ನಷ್ಟ ಪೂರ್ಣ ನಷ್ಟವೇ ಎಂದು ಹೇಳಿತು. ನಷ್ಟವನ್ನು ಅಳೆಯಬೇಕಾದದ್ದು ಅಂಗದಿಂದಲ್ಲ, ಆ ಅಂಗ ಮಾಡುತ್ತಿದ್ದ ಕೆಲಸದಿಂದ ಎಂಬ ಆ ದೃಷ್ಟಿ ತುದಿಬೆರಳಿನವರೆಗೆ ಇಳಿದು ಬರಲೇ ಇಲ್ಲ.

ಈ ಚಿಕಿತ್ಸೆಯ ಖರ್ಚನ್ನು ಬಡವ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೂ ಕಾನೂನಿನಲ್ಲಿ ಉತ್ತರವಿದೆ, ಅದನ್ನು ಯಾರೂ ಓದಿ ಹೇಳಿಲ್ಲ ಅಷ್ಟೇ. 2009ರ ತಿದ್ದುಪಡಿಯಿಂದ ಕಾನೂನಿಗೆ ಬಂದ ನಿಯಮದಂತೆ, ಕೆಲಸದ ವೇಳೆ ಆದ ಗಾಯದ ಚಿಕಿತ್ಸೆಗೆ ತಗುಲಿದ ನಿಜವಾದ ವೆಚ್ಚವನ್ನು ಮಾಲೀಕ ಭರಿಸಬೇಕು. ಅದು ಪರಿಹಾರದ ಮೊತ್ತಕ್ಕೆ ಹೊರತಾದದ್ದು. ಹೊಲದ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ ಎಂಬ ತಿಳಿವಳಿಕೆಯೂ ತಪ್ಪು. ಟ್ರ್ಯಾಕ್ಟರಿನಿಂದಲೋ ವಿದ್ಯುತ್ತಿನಿಂದಲೋ ಓಡುವ ಸಾಧನಗಳ ಬೇಸಾಯದಲ್ಲಿ ದುಡಿಯುವವರು ಕಾನೂನಿನ ಅನುಸೂಚಿಯಲ್ಲಿ ಹೆಸರಿಟ್ಟು ಸೇರಿದ್ದಾರೆ. ಸ್ವಂತ ಹೊಲದಲ್ಲಿ ಬೆರಳು ಕಳೆದುಕೊಂಡ ಸಣ್ಣ ರೈತನಿಗೆ ಮಾಲೀಕನಿಲ್ಲ, ನಿಜ. ಅವನಿಗೆ ಉಳಿಯುವ ದಾರಿ ಸರ್ಕಾರಿ ಮೆಡಿಕಲ್ ಕಾಲೇಜು ಮತ್ತು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುವ ಈ ಯೋಜನೆಯಲ್ಲಿ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆಯುವುದು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯಿಂದ. ಅಂದಮೇಲೆ ತಾಲ್ಲೂಕು ಆಸ್ಪತ್ರೆಯ ವೈದ್ಯರ ಮನಸ್ಸಿನಲ್ಲಿ ಮೋಟು ಬೆರಳೇ ಸಾಕು ಎಂಬ ಅಭಿಪ್ರಾಯ ಕೂತಿದ್ದರೆ ಅದು ಬರಿ ಅಭಿಪ್ರಾಯವಾಗಿ ಉಳಿಯುವುದಿಲ್ಲ. ಬರೆಯದ ಚೀಟಿಯಾಗಿ ಅದು ಬಡವನ ಬಾಗಿಲು ಮುಚ್ಚುತ್ತದೆ.

ಸೋತರೆ ಏನು ಗತಿ, ಕೈಯೂ ಹೋಗಿ ಕಾಲೂ ಹೋಯಿತಲ್ಲ ಎಂಬ ಭಯ ಸಹಜ. ಪಳಗಿದ ಕೈಗಳಲ್ಲಿ ಇಂಥ ಕೂಡಿಕೆಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಬದುಕುತ್ತವೆ. ಉಳಿದ ಸಲ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ತಂದ ಭಾಗ ಕಪ್ಪಾಗುತ್ತದೆ, ರೋಗಿ ಮೋಟು ಬೆರಳಿಗೇ ಮರಳುತ್ತಾನೆ, ಕಾಲಿನಲ್ಲೊಂದು ಕಲೆಯೊಡನೆ. ಇದನ್ನು ಮುಚ್ಚಿಟ್ಟು ಒಪ್ಪಿಗೆ ಬರೆಸಿಕೊಳ್ಳುವುದು ಮೋಸ. ಬೀಡಿ ಸಿಗರೇಟು ಸೇದುವವರಲ್ಲಿ ಆ ಸಣ್ಣ ನಾಳಗಳು ಬಿಗಿದುಕೊಳ್ಳುತ್ತವಾದ್ದರಿಂದ ಅದನ್ನು ಬಿಡದೆ ಸರ್ಜನ್ನರು ಕೈಹಾಕುವುದಿಲ್ಲ. ಆಮೇಲಿನ ತಿಂಗಳುಗಳ ಕಸರತ್ತು, ಮುಟ್ಟನ್ನು ಮತ್ತೆ ಕಲಿಸುವ ಅಭ್ಯಾಸ, ಅಷ್ಟು ದಿನದ ಕೂಲಿ ನಷ್ಟ ಇವೂ ಸಣ್ಣ ಭಾರವಲ್ಲ. ಬೇಗ ಕೆಲಸಕ್ಕೆ ಮರಳಲೇಬೇಕಾದ ಐವತ್ತು ದಾಟಿದವನೊಬ್ಬ ಇದನ್ನೆಲ್ಲ ಕೇಳಿ ಮೋಟು ಬೆರಳನ್ನೇ ಆರಿಸಿಕೊಂಡರೆ ಅದು ವಿವೇಕದ ಆಯ್ಕೆಯೇ. ಇಪ್ಪತ್ತರ ಹುಡುಗಿಯ ಮುಂದೆ ನಲವತ್ತು ವರ್ಷದ ದುಡಿಮೆ ಇದೆ, ಅವಳ ಲೆಕ್ಕ ಬೇರೆ ಬರುತ್ತದೆ. ಇಬ್ಬರ ಪರವಾಗಿಯೂ ಒಂದೇ ಲೆಕ್ಕ ಮಾಡಿ, ಇಬ್ಬರಿಗೂ ಹೇಳದೆ ಹೊಲಿದು ಕಳಿಸುವುದನ್ನು ಆಯ್ಕೆ ಎನ್ನಲಾಗದು.

ಕೊನೆಯದಾಗಿ ಸಜ್ಜನರ ಆಕ್ಷೇಪವೊಂದಿದೆ: ಅರಿವಳಿಕೆ ವೈದ್ಯರಿಗೇ ಕಾಯುವ ಪರಿಸ್ಥಿತಿಯಲ್ಲಿ ಸೂಕ್ಷ್ಮದರ್ಶಕದ ಮಾತೇಕೆ, ಮೊದಲು ಬೆರಳು ಹೋಗದಂತೆ ನೋಡಿಕೊಳ್ಳಿ ಎಂಬುದು. ನೋಡಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ರಾಶಿ ಮಿಷನ್ನುಗಳಿಂದ ಕೈ ಕಳೆದುಕೊಳ್ಳುವವರಿಗಾಗಿಯೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಕೈ ಒಳಗೆ ಹೋಗದಷ್ಟು ಉದ್ದದ, ಮೇಲೆ ಮುಚ್ಚಿಗೆ ಇರುವ ತೂರುಬಾಯಿ ಹೇಗಿರಬೇಕೆಂಬ ಮಾನದಂಡವೂ ಇದೆ. ಆ ಕಾಯ್ದೆಯ ಹೆಸರನ್ನಾದರೂ ಕೇಳಿದ ರಾಶಿ ಮಿಷನ್ ಮಾಲೀಕರು ಈ ಸೀಮೆಯಲ್ಲಿ ಎಷ್ಟು ಜನ ಸಿಕ್ಕಾರು? ತಡೆಯುವುದು ಮೊದಲು ಎನ್ನುವ ಮಾತು ಇಲ್ಲಿ ಹೆಚ್ಚಾಗಿ ಬಳಕೆಯಾಗುವುದು ತಡೆಯಲಿಕ್ಕಲ್ಲ, ಚಿಕಿತ್ಸೆಯನ್ನು ಮುಂದೂಡಲಿಕ್ಕೆ. ಹೋದ ಬೆರಳಿನವನಿಗೆ ತಡೆಯ ಉಪದೇಶದಿಂದ ಬರುವ ಭಾಗ್ಯವೇನು? ಮತ್ತೆ, ತಾಲ್ಲೂಕಿಗೊಂದು ಸೂಕ್ಷ್ಮದರ್ಶಕ ಇಡಿ ಎಂದು ಕೇಳುತ್ತಿರುವವರು ಯಾರು? ಈ ಸೀಮೆಯನ್ನೊಳಗೊಂಡ ವಿಜಯನಗರ ಜಿಲ್ಲೆಯಾಗಿ 2021ರಿಂದ ಇತ್ತ ತಾಲ್ಲೂಕು ಆಸ್ಪತ್ರೆಗಳ ಮೇಲೆ ಹೊಸ ಆಡಳಿತವೊಂದು ಕೂತಿದೆ. ಅದರಿಂದ ಕೇಳಬೇಕಾದ್ದು ಖರ್ಚಿಲ್ಲದ ಕೆಲಸಗಳನ್ನು. ಮೂಳೆಯನ್ನು ಅನಗತ್ಯವಾಗಿ ಕಡಿಯಬಾರದು. ಗಾಯ ತೊಳೆದು ತೇವದ ಪಟ್ಟಿ ಕಟ್ಟಿ, ಅಂತಿಮ ತೀರ್ಮಾನವನ್ನು ನಾಲ್ಕು ದಿನ ತಡೆಹಿಡಿಯಬಹುದಾದಲ್ಲಿ ತಡೆಹಿಡಿಯಬೇಕು. ಗಾಯದ ಫೋಟೋ, ಎಕ್ಸ್‌ರೇ, ಏನು ಉಳಿದಿದೆ ಏನು ಹೋಗಿದೆ ಎಂಬ ಟಿಪ್ಪಣಿ ಡಿಸ್ಚಾರ್ಜ್ ಚೀಟಿಯಲ್ಲಿರಬೇಕು. ಮರುನಿರ್ಮಾಣದ ದಾರಿಗಳಿವೆ ಎಂದು ರೋಗಿಗೆ ಕನ್ನಡದಲ್ಲಿ ಹೇಳಿ, ಬಯಸಿದವರಿಗೆ ರೆಫರಲ್ ಬರೆಯಬೇಕು.

ಬೆರಳ ತುದಿ ಕಳೆದುಕೊಂಡವರು ಮತ್ತು ಅವರ ಮನೆಯವರು ಮಾಡಬೇಕಾದದ್ದೂ ಇದೆ. ಹೆಬ್ಬೆರಳೋ ತೋರುಬೆರಳೋ ಆಗಿದ್ದರೆ ಹೊಲಿಯುವ ಮುಂಚೆ ಬೇರೆ ದಾರಿ ಏನಿದೆ ಎಂದು ಕೇಳಿ. ಈಗಾಗಲೇ ಮೋಟಾಗಿ ಮಾಯ್ದಿದ್ದರೆ ಕಾಲ ಮಿಂಚಿತೆಂದು ತಿಳಿಯಬೇಡಿ, ಕೈ ಶಸ್ತ್ರಚಿಕಿತ್ಸೆಯ ವಿಭಾಗ ಇರುವ ಆಸ್ಪತ್ರೆಗೆ ಒಮ್ಮೆ ತೋರಿಸಿ. ಆಸ್ಪತ್ರೆಯ ಚೀಟಿ, ಔಷಧಿಯ ಬಿಲ್ಲು, ಬಸ್ಸಿನ ಟಿಕೆಟ್ಟು ಕೂಡ ಎಸೆಯದೆ ಇಟ್ಟುಕೊಳ್ಳಿ. ಕೂಲಿಗೆ ಹೋದಲ್ಲಿ ಬೆರಳು ಹೋಗಿದ್ದರೆ ಮಾಲೀಕ ಕೈಗಿಟ್ಟ ನಾಲ್ಕಾರು ಸಾವಿರಕ್ಕೆ ಎಲ್ಲ ಮುಗಿಯಿತೆಂದು ಬರೆದುಕೊಡಬೇಡಿ. ಪರಿಹಾರದ ಹಕ್ಕನ್ನು ಮಂಡಿಸಲು ಕಾನೂನು ಕೊಟ್ಟಿರುವ ಗಡುವು ಅಪಘಾತವಾದ ದಿನದಿಂದಲೇ ಎಣಿಕೆಯಾಗುತ್ತದೆ, ಅದು ಮೀರುವ ಮೊದಲೇ ಅರ್ಜಿ ಹಾಕಿ.